ಸರಿ ಇರುವ ಮೆಂಬ್ರೇನ್ ಮುಟ್ಟದೆ ಬಂದರೂ ಅಂಗಡಿ ನಡೆಯುತ್ತದೆ: ಆರ್‌ಒ ಸರ್ವಿಸ್‌ನಲ್ಲಿ ನನ್ನ ಅನುಭವ

ಬೆಂಗಳೂರಿನಲ್ಲಿ ಆರ್‌ಒ (ಕುಡಿಯುವ ನೀರು ಶುದ್ಧ ಮಾಡುವ ಮಷಿನ್) ಸರ್ವಿಸ್‌ನವರಿಗೆ ಒಳ್ಳೆಯ ಹೆಸರಿಲ್ಲ ಅನ್ನುವುದು ನಮಗೆಲ್ಲ ಗೊತ್ತಿರುವುದೇ. ಟೂಲ್ ಬ್ಯಾಗ್ ಕೆಳಗಿಡುವ ಮೊದಲೇ "ಈ ಸಲ ಏನು ಹೋಗಿದೆ ಅಂತೀರಪ್ಪಾ?" ಅಂತ ಶುರುವಾಗುತ್ತದೆ. ಈ ಅನುಮಾನದಿಂದಲೇ ವ್ಯಾಪಾರ ಬೆಳೆಸಬಹುದು ಅಂದಾಗ ಲೈನಿನಲ್ಲಿರುವವರು ನಕ್ಕಿದ್ದರು. "ಸರಿ ಇರೋದನ್ನ ಸರಿ ಇದೆ ಅಂತ ಹೇಳ್ಕೊಂಡು ಓಡಾಡಿದ್ರೆ ಅಂಗಡಿ ಬಾಡಿಗೆ ಯಾರು ಕಟ್ತಾರೆ?" ಅಂದವರೂ ಇದ್ದರು. ಈಗ ನನಗೆ ಬರುವ ಹೊಸ ಕರೆಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹಳೆ ಗಿರಾಕಿಗಳು ನಂಬರ್ ಕೊಟ್ಟು ಬಂದವು. ಜಾಹೀರಾತಿಗೆ ತಿಂಗಳಿಗೆ 10-12 ಸಾವಿರ ಹೋಗುತ್ತಿದ್ದದ್ದು ನಿಂತಿದೆ.

ಕವರ್ ಬಿಚ್ಚುವ ಮೊದಲು ಎರಡು ಲೋಟ ಕೇಳಿ ತೆಗೆದುಕೊಳ್ಳಬೇಕು. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಮೆಂಬ್ರೇನ್‌ನಿಂದ, ಅಂದರೆ ಲವಣ ತಡೆಯುವ ಪೊರೆಯ ಸುರುಳಿಯಿಂದ, ನೇರ ಬರುವ ನೀರು. ಟ್ಯಾಂಕಿನ ನೀರು ಹಿಡಿಯಬೇಡಿ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) ಹೊಂದಿಸುವ ಕಂಟ್ರೋಲರ್ ತೆರೆದಿದ್ದರೆ ಮೆಂಬ್ರೇನ್ ದಾಟದ ನೀರು ಬೆರೆತು ಚೆನ್ನಾಗಿರುವ ಮೆಂಬ್ರೇನ್ ಕೂಡ ಹೋದಂತೆ ಕಾಣುತ್ತದೆ. ಎಷ್ಟೋ ಮೆಂಬ್ರೇನ್ ಹೀಗೇ ಕಸಕ್ಕೆ ಹೋಗಿವೆ. ಟಿಡಿಎಸ್ ಮೀಟರ್ ಗಿರಾಕಿಯ ಕೈಯಲ್ಲೇ ಇರಲಿ, ಅವರೇ ಅದ್ದಿ ಓದಲಿ. ಒಳಹೋಗುವ ನೀರಿನ ಟಿಡಿಎಸ್ 1000 ಇದ್ದು ಹೊರಬರುವುದರಲ್ಲಿ 60-80 ಬಂದರೆ ಮೆಂಬ್ರೇನ್ ಮಾತೇ ಎತ್ತಬಾರದು. 150 ದಾಟಿದರೆ ನಾನು ಬದಲಾಯಿಸಲು ಹೇಳುತ್ತೇನೆ.

ಆಮೇಲೆ ಒಂದು ಲೀಟರ್ ಬಾಟಲ್ ಇಟ್ಟು ಫೋನಿನಲ್ಲಿ ಟೈಮ್ ನೋಡಿ. 75 ಜಿಪಿಡಿ (ದಿನಕ್ಕೆ 75 ಗ್ಯಾಲನ್ ಕೊಡುವ) ಮೆಂಬ್ರೇನ್‌ಗೆ 5-6 ನಿಮಿಷ ಸಾಕು. 10 ನಿಮಿಷ ದಾಟಿದರೆ ಎಲ್ಲೋ ಕಟ್ಟಿಕೊಂಡಿದೆ. ಮೆಂಬ್ರೇನ್‌ಗೆ ಹೋಗುವ ಪೈಪ್ ಬಿಚ್ಚಿ ಬಕೆಟ್‌ಗೆ ಬಿಡಿ: ಧಾರೆ ಜೋರಾಗಿದ್ದರೆ ಮೆಂಬ್ರೇನ್‌ಗೆ ಮುಂಚಿನ ಫಿಲ್ಟರ್‌ಗಳು ಸರಿ ಇವೆ, ಸಣ್ಣಗಿದ್ದರೆ ಮಣ್ಣು ಹಿಡಿಯುವ ಸೆಡಿಮೆಂಟ್ ಫಿಲ್ಟರ್ ಅಥವಾ ಕ್ಲೋರಿನ್ ಹಿಡಿಯುವ ಕಾರ್ಬನ್ ಫಿಲ್ಟರ್ ಕಟ್ಟಿದೆ. 2,500 ರೂಪಾಯಿ ಬಿಲ್ ಅಂದುಕೊಂಡಿದ್ದವರಿಗೆ 600-700ರಲ್ಲಿ ಮುಗಿಯಿತು ಅಂದರೆ ಆ ಮನೆ ನಿಮ್ಮದೇ.

ಬೋರ್ ನೀರು, ಕಾವೇರಿ ನೀರು ಎರಡಕ್ಕೂ ಒಂದೇ ಮಾತು ಹೇಳುವವರೇ ಜಾಸ್ತಿ. ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್ ಕಡೆಯ ಬೋರ್ ಮತ್ತು ಟ್ಯಾಂಕರ್ ನೀರಿಗೆ ಮೆಂಬ್ರೇನ್ ಮೇಲೆ ಸುಣ್ಣ ಕೂರುತ್ತದೆ, ಧಾರೆ ಕಡಿಮೆಯಾಗುತ್ತದೆ. ಜಯನಗರ, ರಾಜಾಜಿನಗರದ ಕಾವೇರಿ ನೀರಿನಲ್ಲಿ ಸುಣ್ಣ ಕಡಿಮೆ, ಆದರೆ ಕಾರ್ಬನ್ ಫಿಲ್ಟರ್ ಕೈಕೊಟ್ಟರೆ ಕ್ಲೋರಿನ್ ಮೆಂಬ್ರೇನನ್ನೇ ತಿನ್ನುತ್ತದೆ. ಆಗ ಧಾರೆ ಚೆನ್ನಾಗಿಯೇ ಬರುತ್ತದೆ, ಟಿಡಿಎಸ್ ಮಾತ್ರ ಏರುತ್ತದೆ. ತೆಗೆದ ಮೆಂಬ್ರೇನನ್ನು ಅಲ್ಲೇ ಉದ್ದಕ್ಕೆ ಕೊಯ್ದು ಪದರ ಬಿಡಿಸಿ ತೋರಿಸುತ್ತೇನೆ. ರಿಜೆಕ್ಟ್ ನೀರು (ಚರಂಡಿಗೆ ಹೋಗುವ ನೀರು) ಹೊರಹೋಗುವ ತುದಿಯಲ್ಲಿ ಬೆರಳಿಗೆ ಸುಣ್ಣ ತರಿತರಿ ಹತ್ತಿದರೆ ಗಿರಾಕಿ ಮರುಮಾತಾಡದೆ ಬಿಲ್ ಕೊಡುತ್ತಾರೆ. ಹಳೆ ಪಾರ್ಟ್ ಅವರಲ್ಲೇ ಬಿಟ್ಟು ಬರಬೇಕು. ಹೊಸದರ ಮೇಲೆ ಮಾರ್ಕರಿನಲ್ಲಿ ತಾರೀಖು, ಒಳಗಿನ ಟಿಡಿಎಸ್, ಹೊರಗಿನ ಟಿಡಿಎಸ್ ಬರೆಯಬೇಕು. ನಾಳೆ ಬೇರೆ ಕಂಪನಿಯ ಹುಡುಗ ಬಂದು ಕವರ್ ತೆಗೆದರೂ ನನ್ನ ಕೈಬರಹವನ್ನೇ ಓದಬೇಕು.

ನಮ್ಮ ಲೈನಿನ ಹಳೇ ಆಟ ಒಂದಿದೆ. ಎರಡು ಲೋಟಕ್ಕೆ ಕರೆಂಟಿನ ಕಡ್ಡಿ ಇಳಿಬಿಟ್ಟು, ನಲ್ಲಿ ನೀರು ಕಂದು ತಿರುಗಿದಾಗ "ನೋಡಿ ಮೇಡಂ, ಇದನ್ನ ಕುಡೀತಿದ್ದೀರಿ" ಅನ್ನುವುದು. ಆ ಬಣ್ಣ ನೀರಿನದಲ್ಲ, ಕಡ್ಡಿಯ ಕಬ್ಬಿಣ ಕರಗಿ ಬಂದದ್ದು. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ, ಅದಕ್ಕೇ ತಿಳಿಯಾಗಿ ಉಳಿಯುತ್ತದೆ. ನಾನು ಅದೇ ಆರ್‌ಒ ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿಸಿ ಕಡ್ಡಿ ಇಡುತ್ತೇನೆ, ಅದೂ ಕಂದಾಗುತ್ತದೆ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಲ್ಲಿ ನನ್ನ ನಂಬರ್ ಹರಿದಾಡಿದ್ದು ಮುಖ್ಯವಾಗಿ ಇದರಿಂದ.

ಹೊಸ ಮಷಿನ್ ಕೇಳಿದವರಿಗೂ ಮೊದಲು ಮೀಟರ್. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ತನಕ ಸ್ವೀಕಾರಾರ್ಹ. ನನ್ನ ಮೀಟರಿನಲ್ಲಿ ಕಾವೇರಿ ನೀರು ಸಾಮಾನ್ಯವಾಗಿ 300ರ ಒಳಗೇ ಇರುತ್ತದೆ. ಅಂಥವರಿಗೆ ಯುವಿ-ಯುಎಫ್ (ಅತಿನೇರಳೆ ಬೆಳಕು ಮತ್ತು ಸೂಕ್ಷ್ಮ ಜರಡಿಯ ಮಷಿನ್) ಸಾಕು, ನೀರೂ ಚರಂಡಿಗೆ ಹೋಗುವುದಿಲ್ಲ. ಟಿಡಿಎಸ್ ಮೀಟರ್ ಕ್ರಿಮಿ ತೋರಿಸುವುದಿಲ್ಲ ಅನ್ನುವುದನ್ನೂ ಹೇಳಿಯೇ ಬಿಡಬೇಕು. 2024ರ ಅಕ್ಟೋಬರಿನಲ್ಲಿ ಕಾವೇರಿ 5ನೇ ಹಂತದ ನೀರು ಪೂರೈಕೆ ಶುರುವಾದ ಮೇಲೆ ಹೊರವಲಯದ ಕೆಲವು ಮನೆಗಳಲ್ಲಿ ಒಂದು ದಿನ ಕಾವೇರಿ, ಮರುದಿನ ಟ್ಯಾಂಕರ್. ಅಲ್ಲಿ ಒಂದೇ ರೀಡಿಂಗ್ ನಂಬಿ ಮಷಿನ್ ಮಾರಿದರೆ ಜಗಳ ಗ್ಯಾರಂಟಿ.

ದುಡ್ಡಿನ ವಿಷಯ. ಮೊದಲು ಒಂದು ವಿಸಿಟ್‌ಗೆ ಸರಾಸರಿ 1,800-2,000 ಬಿಲ್ ಆಗುತ್ತಿತ್ತು, ಅದು 800ರ ಹತ್ತಿರ ಬಂತು. ಐದಾರು ತಿಂಗಳು ಸಂಬಳ ಕೊಡುವುದೇ ಕಷ್ಟವಿತ್ತು. ಆಗ ಕೈಹಿಡಿದದ್ದು 350 ರೂಪಾಯಿ ವಿಸಿಟ್ ಚಾರ್ಜ್. ಏನೂ ಬದಲಾಯಿಸದಿದ್ದರೂ ಅದನ್ನು ಬಿಡಬಾರದು; ಫೋನಿನಲ್ಲೇ ಹೇಳಿಬಿಡಬೇಕು. ಅದಕ್ಕಿಂತ ದೊಡ್ಡದು ಹುಡುಗರ ಕಮಿಷನ್. ಪಾರ್ಟ್ ಮೇಲೆ ಕಮಿಷನ್ ಇಟ್ಟು ನಿಜ ಹೇಳು ಅಂದರೆ ಯಾವ ಹುಡುಗನೂ ಹೇಳುವುದಿಲ್ಲ. ಅದನ್ನು ತೆಗೆದು ಸಂಬಳ 20 ಸಾವಿರದ ಆಸುಪಾಸಿಗೆ ಏರಿಸಿದೆ. ಅದೇ ತೊಂದರೆಗೆ ಒಂದು ತಿಂಗಳೊಳಗೆ ಮತ್ತೆ ಕರೆ ಬರದಿದ್ದರೆ ಮೇಲೊಂದಿಷ್ಟು. ಎಷ್ಟು, ಹೇಗೆ ಲೆಕ್ಕ ಹಾಕುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಮೆಂಬ್ರೇನ್ ಯಾರ ಹತ್ತಿರ ತರುತ್ತೇನೆ ಅನ್ನುವುದೂ ಅಷ್ಟೇ.

ನಡುವೆ ಬೇರೆ ಪ್ರಯೋಗಗಳೂ ಆದವು. ವರ್ಷಕ್ಕೆ ಎರಡು ಫ್ರೀ ವಿಸಿಟ್ ಕಾರ್ಡ್ ಪೂರ್ತಿ ಲಾಸ್: ಪ್ಲಗ್ ಸಡಿಲವಾದರೂ ಕರೆಯುತ್ತಾರೆ. ಐದು ಸ್ಟಾರ್ ಕೊಟ್ಟರೆ 100 ರೂಪಾಯಿ ಕಡಿಮೆ ಅನ್ನುವುದು ಇನ್ನೂ ಕೆಟ್ಟದ್ದು, ಆ ರಿವ್ಯೂಗಳು ಓದಿದರೇ ಗೊತ್ತಾಗುತ್ತವೆ. ಸುಣ್ಣ ಕಟ್ಟಿದ ಮೆಂಬ್ರೇನನ್ನು ಸಿಟ್ರಿಕ್ ಆಸಿಡ್ ನೀರಿನಲ್ಲಿ ರಾತ್ರಿ ನೆನೆಸಿದರೆ ಧಾರೆ ಸ್ವಲ್ಪ ಮರಳುತ್ತದೆ, ಮೂರ್ನಾಲ್ಕು ತಿಂಗಳು ದೂಡಬಹುದು. ಕ್ಲೋರಿನ್ ತಿಂದದ್ದಕ್ಕೆ ಇದರಿಂದ ಏನೂ ಆಗುವುದಿಲ್ಲ. ಬಾಡಿಗೆ ಮನೆ ಖಾಲಿ ಮಾಡುವವರಿಗೆ ಮಾತ್ರ ಮಾಡಿಕೊಡುತ್ತೇನೆ, ಚಾರ್ಜ್ 300.

ಹೆಸರು ಕೆಡುವುದು ಹೆಚ್ಚಾಗಿ ಲೀಕ್‌ನಿಂದ. ಪೈಪನ್ನು ಚಾಕುವಿನಲ್ಲಿ ಓರೆಯಾಗಿ ಕೊಯ್ದು ಎಲ್ಬೋಗೆ (ತಿರುವಿನ ಜೋಡಣೆಗೆ) ತುರುಕಿದರೆ ಅವತ್ತು ಸುಮ್ಮನಿರುತ್ತದೆ, ರಾತ್ರಿ ಅಡುಗೆಮನೆ ತುಂಬ ನೀರು. ಕಟರಿನಲ್ಲೇ ನೇರ ಕತ್ತರಿಸಿ, ಎರಡನೇ ತಡೆ ಸಿಗುವ ತನಕ ಒತ್ತಬೇಕು. ಹೊರಡುವ ಮುಂಚೆ ಮಷಿನ್ ಆಫ್ ಮಾಡಿ ರಿಜೆಕ್ಟ್ ಪೈಪ್ ನೋಡಿ. ಮೂರು ನಿಮಿಷ ಆದಮೇಲೂ ತೊಟ್ಟಿಕ್ಕುತ್ತಿದ್ದರೆ ಕರೆಂಟಿನಿಂದ ನೀರು ಬಿಟ್ಟು ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್ ಹಿಡಿಯುತ್ತಿಲ್ಲ. ಲೀಕ್ ಅಂತ ಕರೆ ಬಂದರೆ ಮೊದಲು ಫೋನಿನಲ್ಲೇ ಇನ್‌ಲೆಟ್ ವಾಲ್ವ್ ಮುಚ್ಚಿಸಬೇಕು, ಅದಕ್ಕೇ ಫಿಟ್ಟಿಂಗ್ ದಿನವೇ ಅದನ್ನು ತಿರುಗಿಸುವುದು ಮನೆಯ ಒಬ್ಬರಿಗಾದರೂ ಕಲಿಸಿ ಬರುತ್ತೇವೆ. ಮರುದಿನ ಬೆಳಿಗ್ಗೆ ಮೊದಲ ವಿಸಿಟ್ ಆ ಮನೆಗೇ, ಚಾರ್ಜ್ ಇಲ್ಲ, ಹೋಗುವುದೂ ಹಿಂದಿನ ದಿನದ ಹುಡುಗನಲ್ಲ. ಅವನೇ ಹೋದರೆ ವಾದಕ್ಕೆ ನಿಲ್ಲುತ್ತಾನೆ.