ಸಾಲ್ಮನ್ ಬೇಕಾ? ಮೊದಲು ಗುಂಡು ಸರಿಯಾಗಿ ಇಳಿಸಿ

ಜುಲೈ ಬಂತೆಂದರೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ, ರಸೀನ್, ಕೆನೋಶಾ ಬಂದರುಗಳಿಂದ ಬೆಳಗಿನ ಜಾವಕ್ಕೇ ದೋಣಿಗಳು ಮಿಶಿಗನ್ ಸರೋವರಕ್ಕೆ ಹೊರಡುತ್ತವೆ. ಈಗೀಗ ಅವುಗಳಲ್ಲಿ ನಮ್ಮ ಕನ್ನಡದವರೂ ಕಾಣಿಸುತ್ತಾರೆ. ದೋಣಿ ಚೆನ್ನಾಗಿರುತ್ತದೆ, ಗಾಳದ ಕೋಲು ದುಬಾರಿಯದು, ನೀರಿನಡಿ ಇರುವುದನ್ನು ಸದ್ದಿನ ಅಲೆಯಿಂದ ತೋರಿಸುವ ಸೋನಾರ್ ಪರದೆಯಲ್ಲಿ ಮೀನೂ ಕಾಣುತ್ತಿರುತ್ತದೆ. ಆದರೂ ಮಧ್ಯಾಹ್ನ ಬರಿಗೈಲಿ ವಾಪಸ್ ಬರುತ್ತಾರೆ. ಕೇಳಿದರೆ "ಇವತ್ತು ಮೀನು ಕಚ್ಚಲಿಲ್ಲ" ಅಂತಾರೆ. ಕಚ್ಚುವುದಾದರೂ ಹೇಗೆ? ಗಾಳವನ್ನು ಕೆಳಕ್ಕೆ ಒಯ್ಯುವ ಭಾರದ ಗುಂಡನ್ನು ಸರಿಯಾಗಿ ಇಳಿಸದೆ, ಮೀನಿರುವ ಆಳಕ್ಕೆ ಗಾಳ ಹೋಗಿರುವುದೇ ಇಲ್ಲ. ಹತ್ತರಲ್ಲಿ ಒಂಬತ್ತು ದೋಣಿಗಳ ಕಥೆ ಇದೇ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಮೊದಲು ಕಾಗದ, ಆಮೇಲೆ ಹವಾಮಾನ

ವಿಸ್ಕಾನ್ಸಿನ್ ಆಗಲಿ ಇಲಿನಾಯ್ ಆಗಲಿ, ಮೀನು ಹಿಡಿಯುವ ಲೈಸೆನ್ಸ್ ಜೊತೆಗೆ ಸಾಲ್ಮನ್ ಸ್ಟ್ಯಾಂಪ್ ಎಂಬ ಹೆಚ್ಚುವರಿ ಪರವಾನಗಿ ಬೇರೆ ಬೇಕು. ದಿನಕ್ಕೆ ಎಷ್ಟು ಮೀನು ಇಟ್ಟುಕೊಳ್ಳಬಹುದು ಅನ್ನುವುದನ್ನು ಆ ವರ್ಷದ ನಿಯಮ ನೋಡಿಯೇ ತಿಳಿದುಕೊಳ್ಳಿ, ಸ್ನೇಹಿತರ ಮಾತು ನಂಬಬೇಡಿ.

ಹವಾಮಾನದ ವಿಷಯದಲ್ಲಿ ನಾನು ಹಟಮಾರಿ. ಇದು ಕೆರೆ ಅಲ್ಲ. ಅತಿ ಆಳದ ಕಡೆ 281 ಮೀಟರ್ ಇದೆ, ಅಲೆಗಳು ಒಂದರ ಹಿಂದೆ ಒಂದು ಹತ್ತಿರ ಹತ್ತಿರ ಬಂದು ಬಡಿಯುತ್ತವೆ. 1967ರ ಸೆಪ್ಟೆಂಬರ್ 23ರಂದು ಸಾಲ್ಮನ್ ಆಸೆಗೆ ಸಣ್ಣ ದೋಣಿಗಳಲ್ಲಿ ಹೋಗಿದ್ದವರು ಪ್ಲ್ಯಾಟ್ ಕೊಲ್ಲಿಯ ಹತ್ತಿರ ಬಿರುಗಾಳಿಗೆ ಸಿಕ್ಕಿದರು, ಏಳು ಮಂದಿ ಸತ್ತರು. ದೋಣಿ ಹತ್ತುವಾಗಲೇ ಲೈಫ್ ಜಾಕೆಟ್ ಮೈಮೇಲಿರಬೇಕು, ಸೀಟಿನ ಕೆಳಗಿದ್ದರೆ ಉಪಯೋಗವಿಲ್ಲ. ವಿಎಚ್‌ಎಫ್ ರೇಡಿಯೊ ಇರಲಿ, ಅದು ಅಪಾಯದಲ್ಲಿ ಕರೆಯುವ 16ನೇ ಚಾನೆಲ್‌ನಲ್ಲಿರಲಿ. ಮೊಬೈಲ್ ಇದೆಯಲ್ಲ ಅನ್ನಬೇಡಿ, ಕೆಲವು ಮೈಲಿ ಒಳಗೆ ಹೋದರೆ ಸಿಗ್ನಲ್ ಇರುತ್ತದೆ ಅನ್ನುವ ಭರವಸೆ ಇಲ್ಲ.

ಮೀನಿಗಿಂತ ಮೊದಲು ತಣ್ಣೀರು ಹುಡುಕಿ

ಸಾಲ್ಮನ್ ಇಲ್ಲಿಯ ಮೂಲ ಮೀನಲ್ಲ, ಪೆಸಿಫಿಕ್ ಕಡೆಯದು. ಏಲ್‌ವೈಫ್ ಎಂಬ ಸಣ್ಣ ಮೀನು ಸರೋವರದ ತುಂಬಾ ಹೆಚ್ಚಿ, ಸತ್ತು ದಡಕ್ಕೆ ರಾಶಿ ಬೀಳತೊಡಗಿದಾಗ ಅದನ್ನು ತಿನ್ನಲಿ ಅಂತ ಮಿಶಿಗನ್ ರಾಜ್ಯದವರು 1966ರಲ್ಲಿ ಕೋಹೋ, 1967ರಲ್ಲಿ ಚಿನೂಕ್ ಎಂಬ ಸಾಲ್ಮನ್ ಜಾತಿಗಳ ಮರಿಗಳನ್ನು ತಂದು ಬಿಟ್ಟರು. ಇವತ್ತಿಗೂ ಚಿನೂಕ್‌ನ ಮುಖ್ಯ ಊಟ ಏಲ್‌ವೈಫೇ. ಅದಕ್ಕೇ ಗಾಳಕ್ಕೆ ಕಟ್ಟುವ, ಸಣ್ಣ ಮೀನಿನಂತೆ ಹೊಳೆಯುವ ಲೋಹದ ತಗಡು, ಅಂದರೆ ಸ್ಪೂನ್, ಬೆಳ್ಳಿ ಬಣ್ಣದ್ದಾಗಿದ್ದು ಹಸಿರೋ ನೀಲಿಯೋ ಸೇರಿದ್ದರೆ ಸಾಕು. ಐವತ್ತು ಬಣ್ಣದ ಸ್ಪೂನ್ ತುಂಬಿದ ಅಗ್ಗದ ಪೆಟ್ಟಿಗೆ ಕೊಳ್ಳಲೇಬೇಡಿ. ಅದರ ಕೊಕ್ಕೆಗಳು ದೊಡ್ಡ ಮೀನು ಎಳೆದರೆ ನೆಟ್ಟಗಾಗಿಬಿಡುತ್ತವೆ. ಒಳ್ಳೆಯವು ನಾಲ್ಕೈದಿದ್ದರೆ ಒಂದು ಸೀಸನ್ ಕಳೆಯುತ್ತದೆ.

ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಿರುತ್ತದೆ, ಒಂದು ಆಳ ದಾಟಿದ ಕೂಡಲೇ ತಟ್ಟನೆ ತಣ್ಣಗಾಗುತ್ತದೆ. ಚಿನೂಕ್‌ಗೆ ಹಿತವಾದದ್ದು 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 10ರಿಂದ 13 ಸೆಲ್ಸಿಯಸ್. ಅದು ಯಾವ ಆಳದಲ್ಲಿ ಸಿಗುತ್ತದೆ ಅನ್ನುವುದು ದಿನದಿನಕ್ಕೂ ಬದಲು. ದಡದಿಂದ ಒಳಕ್ಕೆ ಜೋರು ಗಾಳಿ ಬೀಸಿದರೆ ಮೇಲಿನ ಬಿಸಿನೀರು ಆಚೆ ಸರಿದು, ತಳದ ತಣ್ಣೀರು ದಡದ ಹತ್ತಿರಕ್ಕೇ ಏರಿ ಬರುತ್ತದೆ. ನಿನ್ನೆ 80 ಅಡಿಯಲ್ಲಿ ಸಿಕ್ಕ ಮೀನು ಇವತ್ತು 35 ಅಡಿಯಲ್ಲಿರಬಹುದು. ಆಳದ ತಾಪಮಾನ ತೋರಿಸುವ ಒಂದು ಥರ್ಮಾಮೀಟರ್‌ಗೆ ದುಡ್ಡು ಹಾಕಿ. ಇನ್ನೊಂದು ಗಾಳದ ಕೋಲು ಕೊಳ್ಳುವುದಕ್ಕಿಂತ ಅದು ಮೇಲು.

ಗುಂಡು ಇಳಿಸುವುದು

ಎಲ್ಲರೂ ಎಡವುವ ಜಾಗ ಇದು. ಡೌನ್‌ರಿಗ್ಗರ್ ಅಂದರೆ ದೋಣಿಯ ಹಿಂಭಾಗದಲ್ಲಿರುವ ರಾಟೆ. ಅದರ ತಂತಿಯ ತುದಿಯಲ್ಲಿ ಭಾರದ ಗುಂಡು ಇರುತ್ತದೆ, ಗುಂಡಿನ ಹತ್ತಿರ ಒಂದು ಕ್ಲಿಪ್. ಗಾಳದ ದಾರ ಆ ಕ್ಲಿಪ್ಪಿಗೆ ಸಿಕ್ಕಿ ಆಳಕ್ಕೆ ಹೋಗುತ್ತದೆ. ಮೀನು ಎಳೆದಾಗ ದಾರ ಬಿಡಿಸಿಕೊಳ್ಳುತ್ತದೆ.

ದೋಣಿ ನೇರ ಹೋಗುತ್ತಿರಲಿ, ಗಂಟೆಗೆ 2ರಿಂದ 2.5 ಮೈಲಿ. ಸ್ಪೂನನ್ನು ಮೊದಲು ದೋಣಿಯ ಪಕ್ಕದಲ್ಲೇ ನೀರಿಗೆ ಬಿಟ್ಟು ನೋಡಿ. ಅದು ಎಡಕ್ಕೆ ಬಲಕ್ಕೆ ಓಲಾಡಬೇಕು. ಗರಗರ ಸುತ್ತಿದರೆ ವೇಗ ಜಾಸ್ತಿ, ಸುಮ್ನೆ ತೇಲಿದರೆ ಕಡಿಮೆ. ಸರಿ ಅನ್ನಿಸಿದ ಮೇಲೆ 20 ಅಡಿ ದಾರ ಹಿಂದಕ್ಕೆ ಬಿಡಿ. ಗುಂಡು ಮೇಲೆಯೇ ಇರುವುದಾದರೆ ಇನ್ನೂ ಜಾಸ್ತಿ ಬಿಡಬೇಕು, ದೋಣಿಯ ಸದ್ದಿಗೆ ಮೀನು ಬೆದರುತ್ತದೆ.

ಈಗ ದಾರವನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಬೆರಳಿಂದ ಜಗ್ಗಿ ನೋಡಿ. ಸುಲಭವಾಗಿ ಬಿಟ್ಟರೆ ಅಲೆ ಬಂದಾಗೆಲ್ಲ ಬಿಚ್ಚಿಕೊಳ್ಳುತ್ತದೆ. ತೀರಾ ಬಿಗಿಯಾದರೆ ಸಣ್ಣ ಕೋಹೋ ಕಚ್ಚಿಕೊಂಡು ಗಂಟೆಗಟ್ಟಲೆ ಹಿಂದೆ ಬರುತ್ತಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಕ್ಲಿಪ್ ಸರಿಯಿಲ್ಲದಿದ್ದರೆ ಒಂದು ಅಡ್ಡದಾರಿ ಇದೆ: ತೆಳು ರಬ್ಬರ್ ಬ್ಯಾಂಡನ್ನು ದಾರಕ್ಕೆ ಕುಣಿಕೆ ಹಾಕಿ, ಆ ಬ್ಯಾಂಡನ್ನು ಕ್ಲಿಪ್ಪಿಗೆ ಸಿಕ್ಕಿಸಿ. ಮೀನು ಎಳೆದರೆ ಅದು ತುಂಡಾಗುತ್ತದೆ. ಪುಡಿಗಾಸಿನ ವಸ್ತು, ಆದರೆ ದುಬಾರಿ ಕ್ಲಿಪ್ಪಿಗಿಂತ ನನಗೆ ಅದೇ ಇಷ್ಟ.

ಗುಂಡನ್ನು ನಿಧಾನ ಇಳಿಸಿ. ಗಾಳದ ಕೋಲಿನ ರೀಲಿನ ಮೇಲೆ ಹೆಬ್ಬೆರಳು ಇರಲಿ, ದಾರ ಬಿಗಿಯಾಗಿಯೇ ಕೆಳಗಿಳಿಯಲಿ. ಒಮ್ಮೆಲೇ ಬಿಟ್ಟರೆ ಸ್ಪೂನ್ ಹೋಗಿ ತಂತಿಗೇ ಸಿಕ್ಕಿಕೊಳ್ಳುತ್ತದೆ, ಇನ್ನು ಕಾದು ಪ್ರಯೋಜನವಿಲ್ಲ. ಆಳ ಮುಟ್ಟಿದ ಮೇಲೆ ಕೋಲನ್ನು ಹಿಡಿಕೆಯಲ್ಲಿಟ್ಟು, ಅದು ಬಿಲ್ಲಿನಂತೆ ಬಾಗುವವರೆಗೆ ದಾರ ಸುತ್ತಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೀನು ಕಚ್ಚಿ ಕ್ಲಿಪ್ ಬಿಟ್ಟ ಕ್ಷಣದಲ್ಲಿ ಬಾಗಿದ ಕೋಲು ನೆಟ್ಟಗಾಗಿ ಸಡಿಲ ದಾರವನ್ನು ಎಳೆದುಕೊಳ್ಳಬೇಕು, ಆಗಲೇ ಕೊಕ್ಕೆ ನಾಟುವುದು. ಕೋಲು ನೆಟ್ಟಗೇ ನಿಂತಿದ್ದರೆ ಮೀನು ಉಗುಳಿ ಹೋಗುತ್ತದೆ.

ಇನ್ನು ಆಳದ ಲೆಕ್ಕ. ರಾಟೆಯ ಮೀಟರ್ 80 ಅಡಿ ತೋರಿಸುವುದು ಬಿಟ್ಟ ತಂತಿಯ ಉದ್ದ. ದೋಣಿ ಓಡುವಾಗ ತಂತಿ ಹಿಂದಕ್ಕೆ ಓರೆಯಾಗುತ್ತದೆ, ಗುಂಡು 80 ಅಡಿಗಿಂತ ಮೇಲೇ ಇರುತ್ತದೆ. ಓರೆ ಜಾಸ್ತಿ ಕಂಡರೆ ಇನ್ನಷ್ಟು ತಂತಿ ಬಿಡಿ, ಇಲ್ಲವೇ 10 ಪೌಂಡ್ ಗುಂಡು ತೆಗೆದು 12 ಪೌಂಡಿನದು ಹಾಕಿ. ಸೋನಾರ್ ಪರದೆಯಲ್ಲಿ ಗುಂಡೇ ಒಂದು ಗೆರೆಯಾಗಿ ಕಾಣುವಂತಿದ್ದರೆ ಆ ಗೆರೆಯನ್ನೇ ನಂಬಿ.

ತಳದಲ್ಲಿ ಬೇರೆ ಪ್ರವಾಹವೂ ಇರುತ್ತದೆ. ಉತ್ತರಕ್ಕೆ ಹೋಗುವಾಗ ಕಚ್ಚುತ್ತಿದ್ದ ಮೀನು ದಕ್ಷಿಣಕ್ಕೆ ತಿರುಗಿದ ಮೇಲೆ ಸುಮ್ಮನಾಗುವುದು ಇದಕ್ಕೇ. ಜಿಪಿಎಸ್ ವೇಗ ಅದೇ ಇರುತ್ತದೆ, ಆದರೆ ಕೆಳಗೆ ಸ್ಪೂನಿನ ವೇಗ ಬದಲಾಗಿರುತ್ತದೆ. ಎರಡೂ ದಿಕ್ಕಿನಲ್ಲಿ ತಂತಿಯ ಓರೆ ಹೋಲಿಸಿ ನೋಡಿ, ಓರೆ ಒಂದೇ ಬರುವಂತೆ ಎಂಜಿನ್ ಹೊಂದಿಸಿ. ತಿರುವಿನಲ್ಲೂ ಪಾಠ ಇದೆ. ದೋಣಿ ತಿರುಗುವಾಗ ಹೊರಬದಿಯ ಸ್ಪೂನಿಗೆ ವೇಗ ಏರುತ್ತದೆ, ಒಳಬದಿಯದಕ್ಕೆ ಇಳಿಯುತ್ತದೆ. ಹೊರಗಿನದನ್ನು ಕಚ್ಚಿದರೆ ಮೀನಿಗೆ ವೇಗ ಬೇಕಾಗಿದೆ ಅಂತ ಅರ್ಥ.

ಕಚ್ಚಿದ ಮೇಲೆ

ಚಿನೂಕ್ ಮೊದಲ ಓಟದಲ್ಲೇ ನೂರು ಗಜ ದಾರ ಎಳೆದುಕೊಂಡು ಹೋಗಬಹುದು. ರೀಲಿನಿಂದ ದಾರ ಎಷ್ಟು ಬಿಗಿಯಾಗಿ ಹೊರಡಬೇಕೆಂದು ಹೊಂದಿಸುವ ಡ್ರ್ಯಾಗ್ ಬಿಗಿ ಮಾಡಬೇಡಿ, ಓಡಲಿ. ದೋಣಿ ನಿಲ್ಲಿಸಬೇಡಿ, ನಿಂತರೆ ಉಳಿದ ದಾರಗಳೆಲ್ಲ ಗೋಜಲಾಗುತ್ತವೆ. ಬಲೆಯನ್ನು ನೀರಲ್ಲಿ ಮೊದಲೇ ಇಟ್ಟು, ಮೀನಿನ ತಲೆ ಅದರೊಳಗೆ ಬರುವಂತೆ ಕೋಲು ಹಿಡಿದವರು ಹಿಂದಕ್ಕೆ ನಡೆಯಬೇಕು. ಬಾಲದ ಕಡೆಯಿಂದ ಬಲೆ ಬೀಸಿ ಮೀನು ಕಳೆದುಕೊಳ್ಳುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸಾಲ್ಮನ್ ಬದಲು ಲೇಕ್ ಟ್ರೌಟ್ ಮೀನು ಬೇಕಿದ್ದರೆ ಗುಂಡನ್ನು ತಳದ ಹತ್ತಿರಕ್ಕೆ ಇಳಿಸಿ, ವೇಗ 2 ಮೈಲಿಗಿಂತ ಕಡಿಮೆ ಮಾಡಿ. ಅದು ಇನ್ನೂ ತಣ್ಣಗಿನ ನೀರು ಬಯಸುವ ಮೀನು. ಹಳದಿ ಪರ್ಚ್ ಎಂಬ ಸಣ್ಣ ಮೀನಿಗೆ ಈ ಸಾಮಾನು ಯಾವುದೂ ಬೇಡ. ಲಂಗರು ಹಾಕಿ, ತಳಕ್ಕೆ ಸೀಸ, ಅದರ ಮೇಲೆ ಎರಡು ಸಣ್ಣ ಕೊಕ್ಕೆ, ಸಣ್ಣ ಮೀನಿನ ಎರೆ. ಮಕ್ಕಳಿದ್ದರೆ ಇದರಿಂದಲೇ ಶುರು ಮಾಡಿ.

ಅಡುಗೆಮನೆಗೆ ಒಂದು ಎಚ್ಚರಿಕೆ

ಮೀನು ಸಿಕ್ಕ ಕೂಡಲೇ ಕಿವಿರು ಕತ್ತರಿಸಿ ರಕ್ತ ಬಸಿದು ಐಸಿನಲ್ಲಿಡಿ. ಈ ಸರೋವರದ ದೊಡ್ಡ ಮೀನುಗಳ ಕೊಬ್ಬಿನಲ್ಲಿ ಪಿಸಿಬಿ ಎಂಬ ಹಳೆಯ ಕೈಗಾರಿಕಾ ವಿಷ ಸೇರಿರುತ್ತದೆ. ಆದ್ದರಿಂದ ಚರ್ಮ, ಹೊಟ್ಟೆಯ ಕೊಬ್ಬು, ಬೆನ್ನ ಮೇಲಿನ ಕೊಬ್ಬು ತೆಗೆದುಹಾಕಿ. ಗರ್ಭಿಣಿಯರಿಗೂ ಮಕ್ಕಳಿಗೂ ಎಷ್ಟು ಕೊಡಬಹುದು ಅನ್ನುವುದನ್ನು ರಾಜ್ಯದ ಸೂಚನೆ ನೋಡಿ ತೀರ್ಮಾನಿಸಿ. ಸಾಲ್ಮನ್‌ನ ಸಾರು ಮಾಡಬೇಡಿ, ಕೊಬ್ಬೆಲ್ಲ ಸಾರಿನಲ್ಲೇ ಉಳಿಯುತ್ತದೆ. ಮಸಾಲೆ ಹಚ್ಚಿ ಕೆಂಡದ ಮೇಲೆ ಸುಡಿ, ಕೊಬ್ಬು ತೊಟ್ಟಿಕ್ಕಿ ಹೋಗಲಿ. ಪರ್ಚ್‌ನಲ್ಲಿ ಕೊಬ್ಬು ಕಡಿಮೆ, ರವೆಯಲ್ಲಿ ಹೊರಳಿಸಿ ಹುರಿದರೆ ಸಾಕು.