ಅಡಿಕೆ ಮರ ಬಿಡಿಸೋ ಮಗು ಮತ್ತು ಅಮೆರಿಕದ ಸ್ಕೂಲ್ ಸೈಕಾಲಜಿಸ್ಟ್

ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯಿಂದ ಅಮೆರಿಕಕ್ಕೆ ಹೋದವರು ದಯವಿಟ್ಟು ಇದನ್ನು ಓದಿ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಮಗು ಯಾರ ಜೊತೆಗೂ ಮಾತಾಡಲ್ಲ, ಪಾಠದಲ್ಲಿ ಹಿಂದಿದೆ ಅನ್ನಿಸಿದರೆ ಸ್ಕೂಲ್ ಸೈಕಾಲಜಿಸ್ಟ್ ಪರೀಕ್ಷೆ ಮಾಡಬಹುದು. ಅದರಲ್ಲಿ ಚಿತ್ರ ಬಿಡಿಸೋದೂ ಇರಬಹುದು. ಮನೆ, ಮರ, ಮನುಷ್ಯನನ್ನು ಬಿಡಿಸು ಅನ್ನೋದು ಜಾನ್ ಬಕ್ 1948ರಲ್ಲಿ ತಂದ ಪರೀಕ್ಷೆ. ಮನೆಯವರೆಲ್ಲ ಏನಾದರೂ ಮಾಡುತ್ತಿರೋ ಹಾಗೆ ಬಿಡಿಸು ಅನ್ನೋದು ಬರ್ನ್ಸ್ ಮತ್ತು ಕಾಫ್‌ಮನ್ ಅವರದು, 1970ರದ್ದು.

ಚಿತ್ರ ಬಿಡಿಸಿದರೆ ತೊಂದರೆಯೇನಿಲ್ಲ, ತೊಂದರೆ ಇರೋದು ಅದಕ್ಕೆ ಅರ್ಥ ಹಚ್ಚೋದರಲ್ಲಿ. ಮರದ ಕೊಂಬೆ ಅಂದರೆ ಜನರ ಜೊತೆ ಬೆರೆಯೋ ಗುಣ ಅಂತ ಓದುವವರಿದ್ದಾರೆ. ನಮ್ಮ ಮಗುವಿಗೆ ಮರ ಅಂದರೆ ಅಡಿಕೆ ಮರ ಅಲ್ವಾ? ಸಪೂರ ಕಾಂಡ, ತುದಿಯಲ್ಲಿ ನಾಲ್ಕು ಸೋಗೆ, ಕೊಂಬೆಯೇ ಇಲ್ಲ. ಚಿಮಣಿ ಇಲ್ಲದ ಮನೆ ಕಂಡರೆ ಅಲ್ಲಿ ಪ್ರೀತಿ ಕಡಿಮೆ ಅಂತ ಹೇಳೋದೂ ಉಂಟು. ನಮ್ಮ ಹೆಂಚಿನ ಮನೆಯ ಒಲೆ ಹೊಗೆ ಹೆಂಚಿನ ಸಂದಿಯಲ್ಲೇ ಹೋಗುತ್ತೆ. ಇನ್ನು ಕೊಯ್ಲಿನ ಹೊತ್ತಲ್ಲಿ ಊರಿಗೆ ಬಂದು ಹೋದ ಮಗು, ಅಜ್ಜಿ, ದೊಡ್ಡಪ್ಪ, ಅತ್ತೆ ಎಲ್ಲ ಸಾಲಾಗಿ ಕೂತು ಅಡಿಕೆ ಸುಲಿಯೋದನ್ನು ಬಿಡಿಸಿತು ಅಂತಿಟ್ಟುಕೊಳ್ಳಿ. ಎಲ್ಲರ ಮುಂದೂ ಒಂದೊಂದು ಮೆಟ್ಟುಗತ್ತಿ. ಮಗುವಿಗೆ ಅದು ಕಥೆ, ಹರಟೆ, ನಡುರಾತ್ರಿಯ ಚಹಾ. ಗೊತ್ತಿಲ್ಲದವರಿಗೆ ಮನೆ ತುಂಬ ಕತ್ತಿ, ಭಯ, ಜಗಳ.

ಒಂದು ಗುರುತಿಗೆ ಒಂದೇ ಅರ್ಥ ಅನ್ನೋದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರೇ ಎಷ್ಟೋ ವರ್ಷಗಳಿಂದ ಪ್ರಶ್ನಿಸುತ್ತಿದ್ದಾರೆ. ಮಗುವಿನ ಬುದ್ಧಿಮಟ್ಟ ಅಳೆಯೋಕೆ ಅಲ್ಲಿನ ಫ್ಲಾರೆನ್ಸ್ ಗುಡ್‌ಎನಫ್ 1926ರಲ್ಲಿ ತಂದ ಮನುಷ್ಯನ ಚಿತ್ರದ ಪರೀಕ್ಷೆಯನ್ನೂ ನಮ್ಮಲ್ಲಿ ಮನಶ್ಶಾಸ್ತ್ರಜ್ಞೆ ಪ್ರಮೀಳಾ ಫಾಟಕ್ ಭಾರತದ ಮಕ್ಕಳಿಗೆ ಹೊಂದುವ ಹಾಗೆ ಬದಲಾಯಿಸಬೇಕಾಯಿತು.

ಹಾಗಂತ ಪರೀಕ್ಷೆಯೇ ಬೇಡ ಅನ್ನಬೇಡಿ. ನಿಜವಾಗಿ ಸಹಾಯ ಬೇಕಾದ ಮಗುವಿಗೆ ಅದು ತಪ್ಪಿಹೋಗುತ್ತೆ. ಅಂಗವೈಕಲ್ಯವಿರೋ ಮಕ್ಕಳ ಶಿಕ್ಷಣಕ್ಕಾಗಿ ಅಮೆರಿಕದಲ್ಲಿರೋ ಐಡಿಇಎ (IDEA) ಅನ್ನೋ ಕಾನೂನಿನ ಪ್ರಕಾರ, ವಿಶೇಷ ಶಿಕ್ಷಣಕ್ಕಾಗಿ ಮೊದಲ ಸಲ ಪರೀಕ್ಷೆ ಮಾಡೋ ಮುಂಚೆ ನಿಮ್ಮ ಲಿಖಿತ ಒಪ್ಪಿಗೆ ಬೇಕು. ಸಹಿ ಹಾಕುವಾಗಲೇ ಯಾವ ಯಾವ ಪರೀಕ್ಷೆ, ಚಿತ್ರದ್ದು ಇದೆಯಾ ಅಂತ ಕೇಳಿ. ಒಪ್ಪಿಗೆ ಸಿಕ್ಕಿದ 60 ದಿನದಲ್ಲಿ, ಇಲ್ಲಾಂದ್ರೆ ಆ ರಾಜ್ಯ ಇಟ್ಟ ಗಡುವಿನಲ್ಲಿ ಮುಗಿಸಬೇಕು. ಒಂದೇ ಪರೀಕ್ಷೆ ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ಸಾಧ್ಯವಿರುವ ಕಡೆಯೆಲ್ಲ ಮಗುವಿನ ಭಾಷೆಯಲ್ಲೇ ಮಾಡಬೇಕು, ಆದ್ದರಿಂದ ಕನ್ನಡ ದುಭಾಷಿಯನ್ನು ಕೇಳೋಕೆ ಸಂಕೋಚ ಬೇಡ.

ಊರಿನ ಮನೆ, ತೋಟ, ಸುಲಿಯೋ ಚಪ್ಪರದ ಫೋಟೋ ಸೈಕಾಲಜಿಸ್ಟ್‌ಗೆ ಮೊದಲೇ ತೋರಿಸಿಬಿಡಿ. ಚಿತ್ರದ ಅರ್ಥ ಏನು ಅಂತ ಮಗುವನ್ನೇ ಕೇಳಿ, ಅದು ಹೇಳಿದ್ದನ್ನು ವರದಿಯಲ್ಲಿ ಹಾಗೇ ಬರೆಯಿರಿ ಅಂತ ಅವರಿಗೆ ಹೇಳಿ. ಶಿವಮೊಗ್ಗದಲ್ಲಿ ಓದಿದ ಮಗುವಾದರೆ ಹಳೇ ಟೀಚರ್ ಹತ್ತಿರ ಒಂದು ಪತ್ರ ಬರೆಸಿಕೊಳ್ಳಿ. ಇಷ್ಟಾದರೂ ವರದಿ ಸರಿಯಿಲ್ಲ ಅನ್ನಿಸಿದರೆ, ಸರ್ಕಾರದ ಖರ್ಚಿನಲ್ಲಿ ಹೊರಗಿನವರಿಂದ ಇನ್ನೊಂದು ಪರೀಕ್ಷೆ ಮಾಡಿಸಿ ಅಂತ ಬರೆದು ಕೊಡಿ. ಆಗ ಶಾಲೆಯವರು ಒಂದೋ ಅದನ್ನು ಮಾಡಿಸಬೇಕು, ಇಲ್ಲ ವಿಚಾರಣೆಗೆ ಹೋಗಿ ತಮ್ಮ ವರದಿ ಸರಿ ಅಂತ ತೋರಿಸಬೇಕು.