ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಫಾರಿನ್ ಕೀ ತಪಾಸಣೆಯನ್ನು ಕಮಿಟ್‌ವರೆಗೆ (ಬದಲಾವಣೆಗಳನ್ನು ಖಾಯಂ ಮಾಡುವವರೆಗೆ) ಮುಂದೂಡುವುದು ಹೇಗೆ?

ಪ್ರತಿ ವಿಭಾಗಕ್ಕೂ ಮುಖ್ಯಸ್ಥರು ಬೇಕು, ಪ್ರತಿ ಸಿಬ್ಬಂದಿಗೂ ವಿಭಾಗ ಬೇಕು; ಎರಡೂ ಕಾಲಂ ನಾಟ್ ನಲ್, ಅಂದರೆ ಖಾಲಿ ಬಿಡುವಂತಿಲ್ಲ. ಯಾವ ಟೇಬಲ್‌ಗೆ ಮೊದಲು ಸಾಲು ಸೇರಿಸಹೋದರೂ ಫಾರಿನ್ ಕೀ (ಇನ್ನೊಂದು ಟೇಬಲ್‌ನಲ್ಲಿ ಇರುವ ಸಾಲನ್ನೇ ಸೂಚಿಸಬೇಕೆಂಬ ನಿರ್ಬಂಧ) ಅಡ್ಡ ಬರುತ್ತದೆ. ಆಗ ಆ ತಪಾಸಣೆ ನಡೆಸುವ ಟ್ರಿಗರ್‌ಗಳನ್ನೇ ಡಿಸೇಬಲ್ ಮಾಡುವವರಿದ್ದಾರೆ. ಬೇಡವೇ ಬೇಡ. ಮತ್ತೆ ಎನೇಬಲ್ ಮಾಡಿದಾಗ, ನಡುವೆ ನುಸುಳಿದ ಸಾಲುಗಳನ್ನು ಪೋಸ್ಟ್‌ಗ್ರೆಸ್ ತಿರುಗಿ ನೋಡುವುದಿಲ್ಲ. ಇನ್ನೊಂದು ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ನಲ್ಲಿ 'ಫಾರಿನ್ ಕೀ ಚೆಕ್ಸ್' ಸೆಟ್ಟಿಂಗ್ ಸೊನ್ನೆ ಮಾಡುವುದೂ ಇದೇ ಜಾತಿಯ ಅಡ್ಡದಾರಿ.

ಹಂತ 1: ಆಲ್ಟರ್ ಕನ್‌ಸ್ಟ್ರೇಂಟ್ ಬಳಸಿ ಎರಡರಲ್ಲಿ ಒಂದು ಫಾರಿನ್ ಕೀಯನ್ನು 'ಡಿಫರೆಬಲ್ ಇನಿಷಿಯಲಿ ಇಮ್ಮೀಡಿಯೆಟ್' (ಮುಂದೂಡಬಹುದು, ಆದರೆ ಹೇಳದಿದ್ದರೆ ತಕ್ಷಣವೇ ತಪಾಸಣೆ) ಮಾಡಿ. ಒಂದೇ ಸಾಕು. ಹೇಳದೆಯೇ ಮುಂದೂಡುವ 'ಇನಿಷಿಯಲಿ ಡಿಫರ್ಡ್' ಬೇಡ. ಮಾಮೂಲಿ ತಪ್ಪುಗಳೂ ಕಮಿಟ್‌ನಲ್ಲಿ ಸಿಡಿಯುತ್ತವೆ, ಯಾವ ಇನ್ಸರ್ಟ್‌ನಿಂದ ಬಂತೆಂದು ಹುಡುಕುತ್ತಾ ಕೂರಬೇಕಾಗುತ್ತದೆ.

ಹಂತ 2: ಬಿಗಿನ್ ಕೊಟ್ಟು ಟ್ರಾನ್ಸಾಕ್ಷನ್ (ಒಟ್ಟಿಗೇ ಉಳಿಯುವ ಅಥವಾ ಒಟ್ಟಿಗೇ ರದ್ದಾಗುವ ಆದೇಶಗಳ ಗುಂಪು) ಆರಂಭಿಸಿ. ನಂತರ 'ಸೆಟ್ ಕನ್‌ಸ್ಟ್ರೇಂಟ್ಸ್', ಕೀಯ ಹೆಸರು, 'ಡಿಫರ್ಡ್'. ಬಿಗಿನ್ ಮರೆತರೆ ಒಂದು ಎಚ್ಚರಿಕೆ ಸಾಲು ಮಾತ್ರ ಬರುತ್ತದೆ, ಆದೇಶಕ್ಕೆ ಫಲವಿಲ್ಲ. ಹೆಸರಿನ ಬದಲು 'ಆಲ್' ಬರೆಯುವ ಚಾಳಿ ಬಿಡಿ: ಹೆಸರು ಕೊಟ್ಟಾಗ ಕೀ ಡಿಫರೆಬಲ್ ಅಲ್ಲದಿದ್ದರೆ ಎರರ್ ಬರುತ್ತದೆ, 'ಆಲ್' ಅಂಥದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಹಂತ 3: ಡಿಫರ್ ಮಾಡಿದ ಕೀ ಇರುವ ಟೇಬಲ್‌ಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಇನ್ಸರ್ಟ್ ಮಾಡಿ.

ಹಂತ 4: ಹೆಚ್ಚಿನವರು ಎಡವುವುದು ಇಲ್ಲಿ. ನೇರ ಕಮಿಟ್ ಕೊಟ್ಟು ಅದು ವಿಫಲವಾದರೆ ಇಡೀ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಗುತ್ತದೆ, ಅಂದರೆ ರದ್ದಾಗುತ್ತದೆ. ಅದಕ್ಕೇ ಮೊದಲು ಒಂದು ಸೇವ್‌ಪಾಯಿಂಟ್ (ಟ್ರಾನ್ಸಾಕ್ಷನ್ ನಡುವೆ ಹಿಂದಿರುಗಬಹುದಾದ ಗುರುತು) ಇಡಿ. ನಂತರ ಅದೇ ಕೀಗೆ 'ಸೆಟ್ ಕನ್‌ಸ್ಟ್ರೇಂಟ್ಸ್ ಇಮ್ಮೀಡಿಯೆಟ್' ಕೊಡಿ. ಬಾಕಿ ಉಳಿದ ತಪಾಸಣೆಯೆಲ್ಲ ಆ ಕ್ಷಣವೇ ನಡೆಯುತ್ತದೆ. 23503 ಎರರ್ (ಫಾರಿನ್ ಕೀ ಉಲ್ಲಂಘನೆ) ಬಂದರೆ ಸೇವ್‌ಪಾಯಿಂಟ್‌ಗೆ ಹಿಂದಿರುಗಿ, ಸಾಲು ಸರಿಪಡಿಸಿ, ಮತ್ತೆ ಪರೀಕ್ಷಿಸಿ, ಕಮಿಟ್ ಮಾಡಿ. ಅಪ್ಲಿಕೇಶನ್ ಕೋಡ್ ಕಮಿಟ್‌ನ ಎರರನ್ನೂ ಹಿಡಿಯುವಂತಿರಲಿ. ಎಷ್ಟೋ ಕೋಡ್ ಇನ್ಸರ್ಟ್ ದಾಟಿದೊಡನೆ 'ಯಶಸ್ವಿ' ಎಂದು ತೋರಿಸಿಬಿಡುತ್ತದೆ.

ಇಷ್ಟು ಮಾಡಿಯೂ ಡಿಲೀಟ್ ತಕ್ಷಣವೇ ನಿಂತರೆ, ಬೇರೆ ಸಾಲು ಸೂಚಿಸುತ್ತಿರುವ ಸಾಲನ್ನು ಅಳಿಸಲು ಬಿಡದ 'ಆನ್ ಡಿಲೀಟ್ ರಿಸ್ಟ್ರಿಕ್ಟ್' ಇದೆಯೇ ನೋಡಿ. ಅದನ್ನು ಮುಂದೂಡಲಾಗದು, ಅದರ ಬದಲು 'ನೋ ಆಕ್ಷನ್' ಬೇಕು. ನಾಟ್ ನಲ್, ಚೆಕ್ (ಮೌಲ್ಯ ಷರತ್ತಿಗೆ ಹೊಂದಬೇಕೆಂಬ ನಿರ್ಬಂಧ) ಎರಡೂ ಪೋಸ್ಟ್‌ಗ್ರೆಸ್‌ನಲ್ಲಿ ಮುಂದಕ್ಕೆ ಹೋಗುವುದಿಲ್ಲ.

ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ಮೌಲ್ಯ ಎರಡು ಬಾರಿ ಬರಬಾರದೆಂಬ ನಿರ್ಬಂಧ) ಮುಂದೂಡಬಹುದು. ಕ್ರಮಸಂಖ್ಯೆಗಳನ್ನೆಲ್ಲ ಒಂದೊಂದು ಹೆಚ್ಚಿಸುವ ಅಪ್‌ಡೇಟ್‌ಗೆ ಅದು ಬೇಕಾಗುತ್ತದೆ: ಮಾಮೂಲಿ ಯೂನಿಕ್ ಸಾಲುಸಾಲಿಗೂ ಪರೀಕ್ಷಿಸುವುದರಿಂದ 1 ಅನ್ನು 2 ಮಾಡುವಾಗಲೇ ಹಳೆಯ 2 ಎದುರಾಗಬಹುದು. ಡಿಫರೆಬಲ್ ಎಂದು ಘೋಷಿಸಿದರೆ ಸಾಕು, ಇಮ್ಮೀಡಿಯೆಟ್ ಆಗಿದ್ದರೂ ತಪಾಸಣೆ ಸ್ಟೇಟ್‌ಮೆಂಟ್‌ನ ಕೊನೆಗೆ ನಡೆಯುತ್ತದೆ. ಆದರೆ ಅಂಥ ಯೂನಿಕ್ 'ಆನ್ ಕಾನ್‌ಫ್ಲಿಕ್ಟ್'ಗೆ (ಇನ್ಸರ್ಟ್‌ನಲ್ಲಿ ಸಾಲು ಘರ್ಷಿಸಿದರೆ ಏನು ಮಾಡಬೇಕೆಂಬ ಸೂಚನೆಗೆ) ಒದಗುವುದಿಲ್ಲ, ಬೇರೆ ಟೇಬಲ್‌ನ ಫಾರಿನ್ ಕೀ ಅದನ್ನು ಆಧರಿಸುವಂತೆಯೂ ಇಲ್ಲ. ಸಾಲನ್ನು ಗುರುತಿಸುವ ಪ್ರೈಮರಿ ಕೀಗೂ ಇದೇ ನಿಯಮ, ಅದನ್ನು ಮುಟ್ಟಬೇಡಿ.